ಮೊಸಳೆ ಒಯ್ದ ಬೋಗುಣಿ

ನಮ್ಮ ಓಣಿಗೆ ಮೊಸಳೆ ಬಂದದ್ದನ್ನು ಮೊದಲು ಕಂಡವಳು ಎದುರು ಮನೆಯ ಅಕ್ಕ. ಕಂಡಳು ಅನ್ನುವುದಕ್ಕಿಂತ, ಅದರ ಮೇಲೆ ಹಕ್ಕು ಸಾಧಿಸಲು ಹೋದಳು ಅನ್ನಬೇಕು. ಭೀಮಾ ಹೊಳೆ ತುಂಬಿ ಬಂದಾಗ ಮಣ್ಣೂರಿನ ನಮ್ಮ ಓಣಿಯಲ್ಲಿ ಒಂದು ರೂಢಿ ಇದೆ. ನೀರು ಹೊತ್ತು ತಂದ ಮರದ ಬೊಡ್ಡೆ ಯಾರ ಕಣ್ಣಿಗೆ ಮೊದಲು ಬೀಳುತ್ತದೋ ಅವರು ಅದರ ಮೇಲೊಂದು ಕಲ್ಲಿಡುತ್ತಾರೆ. ಕಲ್ಲಿಟ್ಟರೆ ಮುಗಿಯಿತು, ಆ ಕಟ್ಟಿಗೆ ಅವರದು. ಬಿಡುವಾದಾಗ ಬಂದು ಎಳೆದೊಯ್ಯಬಹುದು, ಬೇರೆ ಯಾರೂ ಮುಟ್ಟುವುದಿಲ್ಲ. ಆ ಮಳೆಗಾಲ ನೀರು ಇಳಿದ ಮರುದಿನ ಬೆಳಿಗ್ಗೆ ನಮ್ಮ ತಿಪ್ಪೆಯ ಪಕ್ಕ ಕೆಸರು ಮೆತ್ತಿಕೊಂಡ ದಪ್ಪ ಬೊಡ್ಡೆಯೊಂದು ಬಿದ್ದಿತ್ತು. ಹಲ್ಲುಜ್ಜುತ್ತಿದ್ದ ಅಕ್ಕ ಬಾಯಿ ಕೂಡ ತೊಳೆಯದೆ ಕಲ್ಲು ಹೆಕ್ಕಿಕೊಂಡು ಓಡಿದಳು. ತಿಪ್ಪೆ ನಮ್ಮದು, ನಾವು ಎದ್ದು ಬರುವುದರೊಳಗೆ ಕಟ್ಟಿಗೆ ತನ್ನದಾಗಬೇಕಲ್ಲ! ಅವಳು ಬಗ್ಗಿ ಕಲ್ಲಿಡುವ ಹೊತ್ತಿಗೆ ಬೊಡ್ಡೆ ಕಣ್ಣು ತೆರೆಯಿತು.

“ಯವ್ವಾ, ಕಟ್ಟಗಿ ಕಣ್ಣ ಬಿಟ್ಟದ ಬೇ!” ಎಂದು ಅವಳು ಕೂಗಿದ್ದು ಇಡೀ ಓಣಿಗೆ ಕೇಳಿಸಿತು. ನಾವು ಓಡಿ ಬರುವಷ್ಟರಲ್ಲಿ ಮೊಸಳೆ ತಿರುಗಿ, ಬೇಲಿಯ ಸಂದಿಯಲ್ಲಿ ನುಸುಳಿ ನೀರು ಸೇರಿತ್ತು. ಅಕ್ಕ ಕೆಸರಿನಲ್ಲಿ ಕುಳಿತಿದ್ದಳು, ಕಲ್ಲು ಇನ್ನೂ ಕೈಯಲ್ಲೇ ಇತ್ತು. ಮುಂದೆ ಎಷ್ಟೋ ತಿಂಗಳು ಓಣಿಯವರು ಅವಳನ್ನು ಕಾಡಿದರು. “ಅಕ್ಕಾ, ನಿನ್ನ ಕಟ್ಟಗಿ ಇವತ್ತ ಆಚೀ ದಂಡ್ಯಾಗ ಬಿಸಲಿಗೆ ಬಿದ್ದದ, ಹೋಗಿ ತರ್ತೀ ಏನು?” ಎಂದು ಕೇಳುವುದು, ಅವಳು ಬಯ್ಯುವುದು, ಎಲ್ಲರೂ ನಗುವುದು.

ನಾನೂ ನಗುತ್ತಿದ್ದೆ. ಹೆದರಿಕೆಯನ್ನು ಮುಚ್ಚಿಟ್ಟುಕೊಳ್ಳಲು ನಗುವಷ್ಟು ಒಳ್ಳೆಯ ಸೆರಗು ಇನ್ನೊಂದಿಲ್ಲ. ನಾನು ಹುಟ್ಟಿದ್ದು ಜೇವರ್ಗಿ ಕಡೆಯ ಇಜೇರಿಯಲ್ಲಿ. ಅಲ್ಲಿ ನಮಗೆ ನೀರು ಎಂದರೆ ಬಾವಿ, ಹಗ್ಗ, ಕೊಡ. ಬಗ್ಗಿ ನೋಡಿದರೆ ನಮ್ಮ ಮುಖವೇ ಕಾಣುವಂಥ ನೀರು. ಮದುವೆಯಾಗಿ ಇಲ್ಲಿಗೆ ಬಂದು, ಇಲ್ಲಿನ ಸರ್ಕಾರಿ ಶಾಲೆಯಲ್ಲೇ ಟೀಚರಾಗಿ ಹದಿನಾಲ್ಕು ವರ್ಷವಾದರೂ ಹೊಳೆ ನನಗೆ ಪರಕೀಯವಾಗಿಯೇ ಉಳಿದಿತ್ತು. ಹೊಳೆಯನ್ನು ಬಲ್ಲವಳು ನನ್ನ ಅತ್ತೆ.

ನಮ್ಮ ಮನೆ ಓಣಿಯ ಕೊನೆಯ ಸಾಲಿನಲ್ಲಿದೆ. ಹಿತ್ತಲಿನಿಂದ ಕೂಗಿದರೆ ಹೊಳೆದಂಡೆಗೆ ಕೇಳುತ್ತದೆ. ಅಲ್ಲಿ ಮೆಟ್ಟಿಲುಗಳಿವೆ, ಕೆಳಗೆ ಬಟ್ಟೆ ಒಗೆಯುವ ಐದಾರು ಕಲ್ಲುಗಳು. ಬೇವಿನ ಗಿಡದ ಕಡೆಯಿಂದ ಮೂರನೆಯ ಕಲ್ಲು ಅತ್ತೆಯದು. ಮದುವೆಯಾಗಿ ಬಂದ ವರ್ಷದಿಂದ ಅದೇ ಕಲ್ಲಿನ ಮೇಲೆ ಒಗೆದು ಒಗೆದು ಅದರ ನಡುವೆ ಒಂದು ತಗ್ಗು ಬಿದ್ದಿದೆ. ಬೆಳಿಗ್ಗೆ ಬಟ್ಟೆಯ ಬುಟ್ಟಿ ಹೊತ್ತು ಹೋಗುವಾಗ ಸೆರಗಿನಲ್ಲಿ ಒಂದು ಚೂರು ರೊಟ್ಟಿ ಕಟ್ಟಿಕೊಂಡಿರುತ್ತಾಳೆ. ಅದನ್ನು ನೀರಿಗೆ ಬಿಟ್ಟು, “ಗಂಗವ್ವಾ, ನಿಂದು ಮೊದಲು,” ಎಂದು ಕೈಮುಗಿದ ಮೇಲೆಯೇ ಕಾಲು ನೀರಿಗಿಡುವುದು. ಜ್ವರ ಬಂದರೂ ಅತ್ತೆ ಇದನ್ನು ತಪ್ಪಿಸಿದವಳಲ್ಲ.

ಆ ಚಳಿಗಾಲದಲ್ಲಿ ಮೊಸಳೆ ಆಚೆ ದಂಡೆಯ ಉಸುಕಿನ ಮೇಲೆ ಮಲಗುತ್ತಿತ್ತು. ಬಿಸಿಲೇರುವವರೆಗೆ ಬಾಯಿ ತೆರೆದುಕೊಂಡು ಅಲುಗಾಡದೆ ಬಿದ್ದಿರುತ್ತಿತ್ತು. ನಮ್ಮವರು ಈಚೆ ದಂಡೆಯಲ್ಲಿ ಬಟ್ಟೆ ಬಡಿಯುತ್ತಿದ್ದರು. ಅದು ಅಲ್ಲಿ, ನಾವು ಇಲ್ಲಿ. ಅತ್ತೆಯಂತೂ ಅದನ್ನು ನೆರೆಮನೆಯವಳ ಹಾಗೆ ವಿಚಾರಿಸುತ್ತಿದ್ದಳು. “ಇವತ್ತ ಇನ್ನಾ ಎದ್ದಿಲ್ಲ ನೋಡು, ಮೈಗಳ್ಳಿ.” ಅದು ಹೆಣ್ಣೆಂದು ಅವಳು ಹೇಗೆ ತೀರ್ಮಾನಿಸಿದಳೋ, ಯಾರೂ ಕೇಳಲಿಲ್ಲ.

ಇನ್ನು ನನ್ನ ತಪ್ಪಿನ ಮಾತು. ಭಾನುವಾರ ನಮ್ಮ ಮನೆಯಲ್ಲಿ ಮಟನ್. ಮಟನ್ನಿನ ಜೊತೆಗೆ ಬೋಟಿಯೂ ಆಗಬೇಕು ನಮ್ಮ ಮನೆಯವರಿಗೆ. ಕುರಿಯ ಕರುಳನ್ನು ಶುದ್ಧ ಮಾಡುವುದೆಂದರೆ ಏನೆಂದು ಮಾಡಿದವರಿಗೇ ಗೊತ್ತು. ಹತ್ತು ನೀರು ಸಾಲದು, ಇಪ್ಪತ್ತು ನೀರು ಬೇಕು. ಮನೆಯ ನಲ್ಲಿಗೆ ನೀರು ಬರುವುದು ದಿನಬಿಟ್ಟು ದಿನ. ಹಾಗಾಗಿ ಓಣಿಯ ಹೆಂಗಸರು ಬೋಟಿಯನ್ನು ಹೊಳೆಗೇ ಒಯ್ಯುತ್ತಿದ್ದರು. ನಾನೂ ಅತ್ತೆಯ ಕಲ್ಲಿನ ಮೇಲೆ ಕುಳಿತು, ಒಳಗಿನ ಹೊಲಸೆಲ್ಲ ಹಿಂಡಿ ನೀರಿಗೆ ಬಿಟ್ಟು, ತಿರುವಿ ತಿರುವಿ ತೊಳೆಯುತ್ತಿದ್ದೆ. ಮಕ್ಕಳಿಗೆ ಪಾಠದಲ್ಲಿ ನೀರನ್ನು ಮಲಿನ ಮಾಡಬಾರದೆಂದು ಬರೆಸುವವಳು ನಾನೇ. ಭಾನುವಾರ ಶಾಲೆಗೆ ರಜೆ, ನನ್ನ ಬುದ್ಧಿಗೂ ರಜೆ.

ಯುಗಾದಿಗೆ ಇನ್ನೆರಡು ವಾರವಿದ್ದಾಗಿನ ಭಾನುವಾರ. ಬೋಟಿ ತೊಳೆದು ಬೋಗುಣಿಗೆ ತುಂಬಿ, ಕೈ ಉಜ್ಜಿಕೊಳ್ಳಲೆಂದು ಒಂದು ಮೆಟ್ಟಿಲು ಮೇಲೆ ಬಂದಿದ್ದೆ. ಹಿಂದೆ ನೀರು ಬಳಕ್ಕೆಂದಿತು. ತಿರುಗಿ ನೋಡಿದರೆ ಕಲ್ಲಿನ ಮೇಲೆ ಅಗಲವಾದ ಒಂದು ಬಾಯಿ. ಅಲ್ಯೂಮಿನಿಯಂ ಬೋಗುಣಿಯನ್ನು ಅಂಚಿಗೆ ಕಚ್ಚಿ, ಬೋಟಿಯ ಸಮೇತ, ನನ್ನ ಕಣ್ಣೆದುರಿಗೇ ನೀರಿನೊಳಗೆ ಒಯ್ದಿತು. ನಾನು ಕೂಗಲಿಲ್ಲ. ಕೂಗಲು ಬಾಯಿ ಬಂದರೆ ತಾನೆ! ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ, ಮನೆಯ ಬಾಗಿಲಿಗೆ ಬಂದಾಗ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು.

ಅತ್ತೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. “ಬೋಗುಣಿ ಎಲ್ಲಿ ಬೇ?” ಎಂದಳು.

ಅವತ್ತು ನಿಜ ಹೇಳಿದ್ದರೆ ಆಗಿತ್ತು. ಆದರೆ ಹಿಂದಿನ ದಿನವಷ್ಟೇ ಅಕ್ಕನ ಕಟ್ಟಿಗೆಯ ಕತೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗ ಮೊಸಳೆ ಟೀಚರಮ್ಮನ ಬೋಟಿ ಒಯ್ಯಿತು ಅಂದರೆ ಇಡೀ ಮಣ್ಣೂರು ನಗುತ್ತದೆ, ಶಾಲೆಯ ಮಕ್ಕಳೂ ನಗುತ್ತಾರೆ. “ಕೈ ಜಾರಿ ಹರಕೊಂಡು ಹೋತ್ರಿ ಅತ್ತಿ,” ಅಂದೆ.

“ಹರಕೊಂಡು ಹೋತೇನು?” ಎಂದು ಅತ್ತೆ ಹೊಳೆಯ ಕಡೆ ಒಂದು ಸಲ ನೋಡಿದಳು, ನನ್ನ ಬರಿಗಾಲನ್ನು ಒಂದು ಸಲ ನೋಡಿದಳು. “ಹೋಗ್ಲಿ ಬಿಡು,” ಎಂದು ಮತ್ತೆ ಶೇಂಗಾ ಸುಲಿಯತೊಡಗಿದಳು.

ಆಮೇಲೆ ಮೊಸಳೆ ಆಚೆ ದಂಡೆಯನ್ನು ಮರೆತೇಬಿಟ್ಟಿತು. ಒಂದು ವಾರದಲ್ಲಿ ಮೆಟ್ಟಿಲ ಬಳಿ ನೀರು ಕುಡಿಯುತ್ತಿದ್ದ ನಾಯಿ ಹೋಯಿತು, ಇನ್ನೊಂದು ವಾರಕ್ಕೆ ಯಾರದೋ ಆಡಿನ ಮರಿ. ಮೂರನೆಯ ಸಲ ಅತ್ತೆ ಬಗ್ಗಿ ಸೀರೆ ಜಾಲಾಡುತ್ತಿದ್ದಾಗ ನಾಲ್ಕು ಮಾರು ದೂರದಲ್ಲಿ ಎರಡು ಕಣ್ಣು ಎದ್ದವು. ಅತ್ತೆ ಸೀರೆ ಬಿಟ್ಟು ಹಿಂದಕ್ಕೆ ಹಾರಿದ್ದರಿಂದ ಜೀವ ಉಳಿಯಿತು. ಮೆಟ್ಟಿಲ ಮೇಲೆ ಬಿದ್ದು ಎಡಗೈ ಮಣಿಕಟ್ಟು ಉಳುಕಿತು. ಅವಳನ್ನು ಎತ್ತಿ ಮನೆಗೆ ತಂದು ನಾನೇ ಕೈಗೆ ಪಟ್ಟಿ ಕಟ್ಟಿದೆ. ಮೊಸಳೆ ಯಾಕೆ ಬಂತೆಂದು ಆ ಓಣಿಯಲ್ಲಿ ನನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ.

ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಬಂದರು. ತಾಳ್ಮೆಯ ಮನುಷ್ಯ, ಪ್ರತಿಯೊಬ್ಬರ ಮಾತನ್ನೂ ಕೇಳಿಸಿಕೊಂಡರು. ಬೇವಿನ ಗಿಡದ ಕೆಳಗೆ ಓಣಿಯೆಲ್ಲ ಸೇರಿತ್ತು.

“ನೋಡ್ರಿ, ಇದನ್ನ ಹಿಡದು ಒಯ್ದರ ನಾಳಿ ಇನ್ನೊಂದು ಬರ್ತದ. ಹೊಳ್ಯಾಗ ಅವು ಮೊದಲಿಂದಲೂ ಅದಾವ,” ಎಂದರು ಗಾರ್ಡ್. “ಆದರ ಅದು ತಾನಾಗಿ ಮಂದಿ ಹತ್ರ ಬರೂದಿಲ್ಲ. ಇಲ್ಲಿ ಯಾರೋ ಅದಕ್ಕ ತಿನ್ನಾಕ ಹಾಕಾಕತ್ತೀರಿ. ಯಾರ್ರಿ ಅವರು?”

ಎಲ್ಲರ ಕಣ್ಣು ನಿಧಾನವಾಗಿ ಅತ್ತೆಯ ಕಡೆ ತಿರುಗಿದವು. ದಿನವೂ ಹೊಳೆಗೆ ರೊಟ್ಟಿ ಹಾಕುವವಳು ಅವಳೊಬ್ಬಳೇ. ಕೈಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ಅತ್ತೆ ನನ್ನ ಮುಖ ನೋಡಿದಳು. ಆಮೇಲೆ, “ನಾನೇ ಹಾಕೇನ್ರಿ ಸಾಹೇಬ್ರ. ದಿನಾ ಒಂದ್ ತುತ್ತು,” ಎಂದಳು.

ಗಾರ್ಡ್ ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಗದ್ದಲ ಎದ್ದಿತ್ತು. ಮುದುಕಿಯ ಹುಚ್ಚು ಭಕ್ತಿಯಿಂದ ಓಣಿಯೇ ಹಾಳಾಯಿತು ಎಂದು ಒಬ್ಬರು, ನಮ್ಮ ಮಕ್ಕಳನ್ನು ಮೊಸಳೆಗೆ ತಿನ್ನಿಸುತ್ತಾಳೆ ಎಂದು ಇನ್ನೊಬ್ಬರು. ಮೊಸಳೆ ಜೋಳದ ರೊಟ್ಟಿ ತಿನ್ನುತ್ತದೆಯೇ ಎಂದು ಕೇಳುವಷ್ಟು ಅಕ್ಷರ ನನಗೆ ಗೊತ್ತಿತ್ತು. ನಾನು ಸೆರಗಿನ ತುದಿ ಸುತ್ತುತ್ತಾ ನಿಂತೆ. ನಮ್ಮ ಮನೆಯವರು ನಾಚಿಕೆಯಿಂದ ಮುಖ ಕೆಂಪಗೆ ಮಾಡಿಕೊಂಡು, “ಯವ್ವಾ, ಇನ್ನ ನೀ ಹೊಳಿ ಕಡೀಗೆ ಕಾಲಿಡಬ್ಯಾಡ. ನನ್ನ ಆಣಿ ಅದ,” ಎಂದುಬಿಟ್ಟರು.

ನಾಲ್ಕೇ ದಿನದಲ್ಲಿ ಅಫಜಲಪುರದಿಂದ ವಾಷಿಂಗ್ ಮಷಿನ್ ಬಂತು. ಅತ್ತೆ ಮೊದಲ ದಿನ ಮಣೆ ಹಾಕಿಕೊಂಡು ಅದರ ಮುಂದೆ ಕುಳಿತು, ಬಟ್ಟೆ ತಿರುಗುವುದನ್ನು ಕೊನೆಯವರೆಗೂ ನೋಡಿದಳು. “ಗಿರಗಿರ ತಿರಗಸ್ತದ, ಖರೇ. ಇದರ ಕೂಡ ಮಾತಾಡೂದು ಹೆಂಗ?” ಎಂದು ಎದ್ದು ಹೋದಳು. ಎರಡನೆಯ ದಿನದಿಂದ ಆ ಕೋಣೆಗೆ ಕಾಲಿಡಲಿಲ್ಲ. ಕಟ್ಟೆಯ ಮೇಲೆ ಹೊಳೆಗೆ ಬೆನ್ನು ಮಾಡಿ ಕೂರತೊಡಗಿದಳು. ದಂಡೆಯ ಗೆಳತಿಯರು ಈಗ ನಮ್ಮ ಬಾಗಿಲ ಮುಂದೆ ಸಾಗುವಾಗ ಮಾತು ನಿಲ್ಲಿಸುತ್ತಿದ್ದರು. ಅತ್ತೆ ಬಯ್ಯಲಿಲ್ಲ, ಅಳಲಿಲ್ಲ. ಊಟದ ಹೊತ್ತಿಗೆ ಮೊದಲ ರೊಟ್ಟಿಯ ಒಂದು ಚೂರು ಮುರಿದು ತಾಟಿನ ಅಂಚಿಗೆ ಇಡುತ್ತಿದ್ದಳು. ಕೈ ತೊಳೆದು ಏಳುವಾಗಲೂ ಆ ಚೂರು ಅಲ್ಲೇ ಇರುತ್ತಿತ್ತು.

ಆ ತಾಟು ತೊಳೆಯುವವಳು ನಾನು. ಒಂದು ದಿನ, ಎರಡು ದಿನ, ಹತ್ತು ದಿನ, ಆ ಚೂರನ್ನು ಆಕಳ ಬಕೆಟ್ಟಿಗೆ ಹಾಕಿದೆ. ಹನ್ನೊಂದನೆಯ ದಿನ ಕೈ ಬರಲಿಲ್ಲ. ನನಗೆ ನನ್ನ ಮೇಲೆಯೇ ಅಸಹ್ಯ ಹುಟ್ಟಿತು. ನಾಲ್ಕು ಮಂದಿ ನಗುತ್ತಾರೆಂದು ಒಬ್ಬ ಮುದುಕಿಯ ಹೊಳೆಯನ್ನೇ ಕಸಿದುಕೊಂಡು ಕುಳಿತಿದ್ದೆ.

ಅದೇ ವಾರ ಮತ್ತೆ ಬೇವಿನ ಗಿಡದ ಕೆಳಗೆ ಕೂಟ. ಈ ಸಲ ಕೆಲವು ಗಂಡಸರು ಬೇರೆಯೇ ಲೆಕ್ಕ ಹಾಕಿಕೊಂಡು ಬಂದಿದ್ದರು. ಕಲ್ಲುಗಣಿಯಿಂದ ಜಿಲೆಟಿನ್ ತಂದು ನೀರಲ್ಲಿ ಸಿಡಿಸಿದರೆ ಮೊಸಳೆಯ ಕತೆ ಮುಗಿಯುತ್ತದೆ ಎಂದರು. ಅದು ಜೈಲಿಗೆ ಹೋಗುವ ಕೆಲಸ ಎಂದು ಗಾರ್ಡ್ ಹೇಳುತ್ತಿದ್ದರೂ ಯಾರೂ ಕೇಳುವ ಹಾಗಿರಲಿಲ್ಲ. ನಾನು ಎದ್ದು ನಿಂತೆ. ತರಗತಿಯಲ್ಲಿ ನಲವತ್ತು ಮಕ್ಕಳನ್ನು ಒಂದೇ ಕೂಗಿಗೆ ಸುಮ್ಮನಾಗಿಸುವ ದನಿಯನ್ನೇ ಅವತ್ತು ಅಲ್ಲಿ ಎತ್ತಿದೆ.

“ನಮ್ಮತ್ತಿ ಹಾಕಿದ್ ರೊಟ್ಟಿ ಮೀನ ತಿಂದಾವ. ಮೊಸಳಿಗೆ ರುಚಿ ಹಚ್ಚಿದಾಕಿ ನಾನು,” ಎಂದೆ. ಭಾನುವಾರದ ಬೋಟಿ, ಬೋಗುಣಿ, ಓಡಿದ್ದು, ಸುಳ್ಳು ಹೇಳಿದ್ದು, ಒಂದೂ ಬಿಡದೆ ಹೇಳಿದೆ.

ಮೊದಲು ನಗಲು ಶುರುಮಾಡಿದವಳು ಎದುರು ಮನೆಯ ಅಕ್ಕ. ಏನು ನಗು ಅದು! “ನಾ ಬರೇ ಕಲ್ಲಿಡಾಕ ಹೋಗಿದ್ದೆ, ನೀ ಊಟಕ್ಕೇ ಕರದಿ ಅಲ್ಲ ಬೇ!” ಎಂದು ಕಣ್ಣೊರೆಸಿಕೊಂಡಳು. ಹಾಗೆ ನಗುನಗುತ್ತಲೇ ತಟಕ್ಕನೆ ನಿಂತು, “ಬೋಟಿ ನಾನೂ ಅಲ್ಲೇ ತೊಳಿತೇನ್ರಿ ಸಾಹೇಬ್ರ,” ಎಂದಳು. ಆಮೇಲೆ ಕೋಳಿ ಅಂಗಡಿಯವನು ತಲೆ ಕೆರೆದುಕೊಂಡ. ಮೀನು ಹಿಡಿಯುವವರು ಮೀನಿನ ಹೊಟ್ಟೆಯನ್ನು ಮೆಟ್ಟಿಲ ಬಳಿಯೇ ಸೀಳುತ್ತೇವೆಂದು ಒಪ್ಪಿಕೊಂಡರು. ಜಿಲೆಟಿನ್ ಮಾತೆತ್ತಿದ್ದವನ ಮನೆಯಿಂದಲೇ ದೇವಿಗೆ ಕಡಿದ ಕುರಿಯ ತಲೆ, ಕಾಲು ತೊಳೆಯಲು ಹೊಳೆಗೆ ಬಂದಿದ್ದವು, ಅದನ್ನು ಅವನ ಹೆಂಡತಿಯೇ ಹೇಳಿದಳು. ಗಾರ್ಡ್ ಕೈಜೋಡಿಸಿ, “ಇಡೀ ಓಣಿ ಕೂಡಿ ಖಾನಾವಳಿ ನಡಸಾಕತ್ತೀರಿ, ಪಾಪ ಅದು ಬಂದು ಉಂಡದ,” ಎಂದರು.

ಮನೆಗೆ ಬಂದಾಗ ಅತ್ತೆ ಒಲೆಯ ಮುಂದೆ ಇದ್ದಳು. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

“ಬ್ಯಾಸಗ್ಯಾಗ ಹೊಳಿ ನಿಂತಿರ್ತದ ಬೇ. ಬ್ಯಾರೇಜಿನ ಗೇಟ್ ಹಾಕಿರ್ತಾರ,” ಎಂದಳು. “ನಿಂತ ನೀರಾಗ ಬೋಗುಣಿ ಹೆಂಗ ಹರಕೊಂಡು ಹೋಗ್ತದ?”

ಇಜೇರಿಯ ಬಾವಿ ನೀರು ಕುಡಿದು ಬೆಳೆದ ನನಗೆ ಅದು ಹೊಳೆದೇ ಇರಲಿಲ್ಲ. “ಮತ್ತ ಅವತ್ತೇ ಯಾಕ ಹೇಳಲಿಲ್ರಿ ಅತ್ತಿ?”

“ನೀ ಮಕ್ಕಳಿಗೆ ಖರೇ ಹೇಳೂದು ಕಲಸಾಕಿ. ನಾಕ್ ಮಂದ್ಯಾಗ ನಿನ್ನ ಮಾರಿ ಸಣ್ಣದಾಗಬಾರದು. ನಂದೇನು, ಮುದುಕಿ.” ರೊಟ್ಟಿ ತಿರುವಿ ಹಾಕಿ, “ನೀನೇ ಹೇಳ್ತಿ ಅಂತ ಕಾಯಾಕತ್ತಿದ್ದೆ. ಭಾಳ ತಡಾ ಮಾಡಿದಿ,” ಎಂದಳು. ನಾನು ಅಲ್ಲೇ ಗೋಡೆಗೆ ಒರಗಿ ಕುಳಿತು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಅವಳು ಸಮಾಧಾನ ಮಾಡಲಿಲ್ಲ. ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು.

ಮರುದಿನದಿಂದ ಕೆಲಸ ಶುರುವಾಯಿತು. ಬೋಟಿ, ಮೀನು, ಕೋಳಿ ಯಾವುದೂ ಇನ್ನು ಹೊಳೆಗೆ ಹೋಗಕೂಡದು. ಅದಕ್ಕೆಂದು ಓಣಿಯ ಕೈಪಂಪಿನ ಹಿಂದೆ ಆಳದ ಗುಂಡಿ ತೋಡಿದರು. ಕಬ್ಬಿನ ಹೊಲದಲ್ಲಿ ಬಿದ್ದಿದ್ದ ಹಳೆಯ ಕಬ್ಬಿಣದ ಪೈಪುಗಳನ್ನು ನಮ್ಮ ಮನೆಯವರು ಎತ್ತಿನ ಗಾಡಿಯಲ್ಲಿ ತಂದರು. ಬಟ್ಟೆ ಒಗೆಯುವ ಕಲ್ಲುಗಳ ಸುತ್ತ ನೀರಿನೊಳಗೆ ಪೈಪು ನೆಟ್ಟು, ನಡುವೆ ಜಾಲಿಯ ಮುಳ್ಳುಕಂಟಿ ಒತ್ತಿ, ತಂತಿಯಿಂದ ಬಿಗಿದರು. ಹೊಲಕ್ಕೆ ಹಂದಿ ಬರದಂತೆ ಬೇಲಿ ಹಾಕುವವರೇ ಎಲ್ಲರೂ. ಆ ವಿದ್ಯೆಯನ್ನೇ ಹೊಳೆಗೆ ಇಳಿಸಿದ್ದಷ್ಟೆ. ಗಾರ್ಡ್ ಇನ್ನೊಂದು ಮಾತು ಸೇರಿಸಿದರು: ಬೇಲಿಯನ್ನೇ ನಂಬಬೇಡಿ. ನಾಲ್ಕು ಮಂದಿ ಒಗೆಯುವಾಗ ಒಬ್ಬರು ಮೇಲಿನ ಮೆಟ್ಟಿಲ ಮೇಲೆ ಕುಳಿತು ನೀರನ್ನು ನೋಡುತ್ತಿರಬೇಕು.

ಕೊನೆಯ ಪೈಪು ನೆಡುವಾಗ ಕೆಸರಿನಲ್ಲಿ ಟಣ್ ಎಂದಿತು. ಕೈ ಹಾಕಿ ಎಳೆದರೆ ನನ್ನ ಬೋಗುಣಿ! ಒಂದು ಬದಿ ಒಳಕ್ಕೆ ಹೋಗಿತ್ತು, ಅಂಚಿನಲ್ಲಿ ಸಾಲಾಗಿ ಏಳು ಹಲ್ಲಿನ ತೂತು. ಅದನ್ನು ಓಣಿಯೆಲ್ಲ ಮೆರವಣಿಗೆ ಮಾಡಿ ನಮ್ಮ ಮನೆಗೆ ತಂದರು. ನಾನು ತಿಪ್ಪೆಗೆ ಎಸೆಯಲು ಹೋದೆ. ಅತ್ತೆ ಕಿತ್ತುಕೊಂಡು ಬೂದಿ ಹಚ್ಚಿ ತಿಕ್ಕಿ ಗೋಡೆಗೆ ತೂಗುಹಾಕಿದಳು.

ಆದರೂ ನಮ್ಮ ಮನೆಯವರ ಆಣೆ ಹಾಗೆಯೇ ಇತ್ತು. ಬೇಲಿ ಹಾಕಿದ ಕೈಯೇ ತಾಯಿಯನ್ನು ಬಿಡಲು ಒಪ್ಪಲಿಲ್ಲ. ಮಳೆಗಾಲದಲ್ಲಿ ಮೇಲಿನಿಂದ ನೀರು ಬಿಟ್ಟಾಗ ಬೇಲಿ ಕಿತ್ತುಕೊಂಡು ಹೋಯಿತು, “ನೋಡಿದ್ಯೋ ಇಲ್ಲೋ?” ಎಂದು ಅವರು ನನ್ನ ಮೇಲೆ ಹರಿಹಾಯ್ದರು. ಓಣಿಯವರು ನೀರು ಇಳಿದ ಮೇಲೆ ಮತ್ತೆ ನೆಟ್ಟರು, ಈ ಸಲ ಪೈಪು ಇನ್ನೂ ಆಳಕ್ಕೆ. ಬೇಸಿಗೆ ಮುಗಿಯುವವರೆಗೂ, ಇಡೀ ಮಳೆಗಾಲವೂ, ಒಂದು ಕೋಳಿಯೂ ಹೋಗಿರಲಿಲ್ಲ. ಮೊಸಳೆ ಮತ್ತೆ ಆಚೆ ದಂಡೆಗೆ ಹೋಗಿ ಮಲಗತೊಡಗಿತ್ತು.

ಮಹಾನವಮಿಗೆ ಮುಂಚೆ ನಮ್ಮಲ್ಲಿ ಮನೆಯ ಕೌದಿ, ಹಾಸಿಗೆ ಎಲ್ಲವೂ ಹೊಳೆಗೆ ಹೋಗಲೇಬೇಕು. ಏಳು ಪದರದ ಕೌದಿ ಮಷಿನ್ನಿಗೆ ಹಿಡಿಸುವುದಿಲ್ಲ. ಆ ದಿನ ಬೆಳಿಗ್ಗೆ ನಾನು ಕೌದಿಗಳನ್ನು ಗಂಟು ಕಟ್ಟುತ್ತಾ ನಮ್ಮ ಮನೆಯವರಿಗೆ ಕೇಳುವ ಹಾಗೆ, “ಅತ್ತಿ ಒಗ್ಯಾಕ ಬರೂದು ಬ್ಯಾಡ್ರಿ. ಕಾಯಾಕ ಬರ್ತಾರ. ಹೊಳಿ ಕಣ್ಣ ಅವರಿಗಿದ್ದಂಗ ಯಾರಿಗದ?” ಎಂದೆ. ಅವರು ಚಹಾ ಕುಡಿದು ಮುಗಿಸಿ ಕಪ್ಪು ಕೆಳಗಿಟ್ಟರು. ಕೊನೆಗೆ, “ಮ್ಯಾಲಿನ ಪಾವಟಿಗಿ ಬಿಟ್ಟು ಕೆಳಗ ಇಳಿಬಾರದು,” ಎಂದರು. ಅತ್ತೆ ಆಗಲೇ ಗೋಡೆಯಿಂದ ಬೋಗುಣಿ ಇಳಿಸಿಕೊಂಡಿದ್ದಳು. ಇನ್ನೊಂದು ಕೈಯಲ್ಲಿ ಸಾರಿನ ಸವುಟು.

ಮೇಲಿನ ಮೆಟ್ಟಿಲ ಮೇಲೆ ಅವಳು ಕುಳಿತಳು. ಗೆಳತಿಯರು ಒಬ್ಬೊಬ್ಬರಾಗಿ ಬಂದು ಮೈ ಮುಟ್ಟಿ ಮಾತಾಡಿಸಿ ಕೆಳಗಿಳಿದರು. ಅತ್ತೆ ಮೂರನೆಯ ಕಲ್ಲಿಗೆ ಹೋಗಬೇಕೆಂದು ನನಗೆ ಕೈ ಮಾಡಿದಳು. ಆ ಕಲ್ಲಿನ ತಗ್ಗಿನಲ್ಲಿ ಕೌದಿ ಇಟ್ಟು ಬಡಿಯುವಾಗ ನನಗೆ ಮೊದಲ ಸಲ ಹೊಳೆಯ ಹೆದರಿಕೆ ಆಗಲಿಲ್ಲ. ನನ್ನ ಬೆನ್ನ ಹಿಂದೆ ಅತ್ತೆಯ ಕಣ್ಣುಗಳಿದ್ದವು.

ನಾಲ್ಕನೆಯ ಕೌದಿ ನೆನೆಸಿದ್ದೆ, ಅಷ್ಟರಲ್ಲಿ ಬೋಗುಣಿ ಟಣಟಣ ಎಂದಿತು. “ಏಳ್ರಿ ಬೇ, ಮ್ಯಾಲ ಬರ್ರಿ!” ಎಲ್ಲರೂ ಇದ್ದ ಕೌದಿ ಇದ್ದಲ್ಲೇ ಬಿಟ್ಟು ಮೆಟ್ಟಿಲೇರಿದೆವು. ನಮಗೆ ಏನೂ ಕಾಣಲಿಲ್ಲ. ಅತ್ತೆ ಬೆರಳು ತೋರಿಸಿದ ಮೇಲೆ ನೀರಿನಲ್ಲಿ ಒಂದು ಸಣ್ಣ ಗೆರೆ ಕಂಡಿತು. ಅದು ಬೇಲಿಯ ಹೊರಗೆ ಅವಸರವಿಲ್ಲದೆ ಸಾಗಿತು, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಎದುರು ಮನೆಯ ಅಕ್ಕ ನನ್ನ ರಟ್ಟೆ ಹಿಡಿದುಕೊಂಡಿದ್ದಳು. ಗೆರೆ ಬ್ಯಾರೇಜಿನ ಕಡೆ ದೂರವಾಗಿ, ಆಚೆಯ ಉಸುಕಿನ ಮೇಲೆ ಆ ಕಪ್ಪು ಮೈ ಏರಿ ಮಲಗುವವರೆಗೆ ಎಲ್ಲರೂ ಮೆಟ್ಟಿಲ ಮೇಲೆ ನಿಂತು ನೋಡಿದೆವು.

ಅತ್ತೆ ಬೋಗುಣಿಯನ್ನು ಪಕ್ಕಕ್ಕಿಟ್ಟಳು. ಸೆರಗಿನ ಗಂಟು ಬಿಚ್ಚಿ ರೊಟ್ಟಿಯ ಚೂರು ತೆಗೆದು ಗಂಗವ್ವನಿಗೆ ಬಿಡೆಂದು ನನ್ನ ಅಂಗೈಯಲ್ಲಿಟ್ಟಳು. ಅವಳು ಕೆಳಗಿಳಿಯುವ ಹಾಗಿರಲಿಲ್ಲವಲ್ಲ.

“ಅದರ ಪಾಳಿ ಮುಗೀತು,” ಎಂದಳು. “ನಡೀರಿ, ಇನ್ನ ನಮ್ಮ ಪಾಳಿ.”